ಉದ್ಯೋಗದ ಕಾಲಂನಲ್ಲಿ ನಾನು ಬರೆದದ್ದು

ಬಳ್ಳಾರಿಯ ವೈದ್ಯಕೀಯ ಕಾಲೇಜಿನ ನಮ್ಮ ಸೂಕ್ಷ್ಮಜೀವಿ ವಿಭಾಗಕ್ಕೆ ತಂತ್ರಜ್ಞರಾಗಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೋದ ವಾರ ಪಾರ್ವತಿನಗರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ನಾನು ನಿವೃತ್ತಳಾದ ಮೇಲೆ ನನ್ನ ಮೇಜಿಗೆ ಬಂದವರು. ಚಹಾ ಕುಡಿಯುತ್ತ ಅವರಲ್ಲೊಬ್ಬಳು, ಅಂಥ ಅಪಾಯದ ರೋಗಾಣುಗಳ ಜೊತೆ ಇಷ್ಟು ವರ್ಷ ಕೆಲಸ ಮಾಡಿದಿರಲ್ಲ, ಅಂಜಿಕೆ ಆಗಲಿಲ್ಲವೇ ಎಂದು ಕೇಳಿದಳು. ಆಗಿತ್ತು ಎಂದೆ. ಯಾವುದಕ್ಕೆ ಅಂಜಿದೆ ಎಂದು ಮಾತ್ರ ಹೇಳಲಿಲ್ಲ. ಚಕ್ಕುಲಿ ತಟ್ಟೆ ಮುಂದೆ ಸರಿಸಿ ಮಾತು ಬದಲಿಸಿದೆ. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಅದು ಅಲ್ಲೇ ಇರಲಿ.

ಕೊರೊನಾ ಬಂದು ಹೋದ ಮೇಲೆ ಎಲ್ಲರಿಗೂ ಹೊಸ ರೋಗಗಳ ಮೇಲೆ ಪ್ರೀತಿ ಹುಟ್ಟಿತು. ನಮ್ಮ ವಿಭಾಗಕ್ಕೂ ಒಂದು ಸಂಶೋಧನಾ ಯೋಜನೆ ಸಿಕ್ಕಿತು. ಅದರ ಹೆಸರಿನಲ್ಲಿ ‘ಜೈವಿಕ ರಕ್ಷಣೆ’ ಎಂಬ ಮಾತಿತ್ತು. ನಾವು ಹುಡುಕಬೇಕಿದ್ದದ್ದು ಮೆಲಿಯಾಯ್ಡೋಸಿಸ್ ಎಂಬ ರೋಗದ ಬ್ಯಾಕ್ಟೀರಿಯಾ. ಕೆಲವು ದೇಶಗಳು ಇದನ್ನು ಶತ್ರುಗಳು ಆಯುಧವಾಗಿ ಬಳಸಬಹುದಾದ ಜೀವಿಗಳ ಪಟ್ಟಿಯಲ್ಲಿ ಇಟ್ಟಿವೆ. ಅದನ್ನು ಕೇಳಿ ನಮ್ಮ ಕಾಲೇಜಿನವರು ಎದೆಯುಬ್ಬಿಸಿದ್ದೇ ಉಬ್ಬಿಸಿದ್ದು. ಆದರೆ ಸಿರುಗುಪ್ಪದ ಕಡೆ ಇದು ಯಾವ ಶತ್ರುವಿನ ಆಯುಧವೂ ಅಲ್ಲ. ಕಾಲುವೆ ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ತನ್ನ ಪಾಡಿಗೆ ತಾನು ಬದುಕಿರುವ ಜೀವಿ. ಕಾಲಿನ ಬಿರುಕಿನಿಂದಲೋ ಗಾಯದಿಂದಲೋ ಒಳಗೆ ಹೋಗುತ್ತದೆ. ಶುಗರ್ ಇದ್ದವರನ್ನು ಬೇಗ ಹಿಡಿಯುತ್ತದೆ. ಬಿಡದ ಜ್ವರ, ಕೆಮ್ಮು, ಕರಗುವ ಮೈ, ಒಳಗೆಲ್ಲೋ ಕೀವು. ನೋಡಿದವರು ಟಿಬಿ ಎನ್ನುತ್ತಾರೆ. ಟಿಬಿ ಮಾತ್ರೆಗಳಿಗೆ ಅದು ಜಗ್ಗುವುದಿಲ್ಲ. ಅದಕ್ಕೆ ಬೇರೆಯೇ ಇಂಜೆಕ್ಷನ್ನು ಬೇಕು, ಅದೂ ವಾರಗಟ್ಟಲೆ.

ಪ್ರಯೋಗಾಲಯದಲ್ಲೂ ಅದು ವೇಷ ಹಾಕಿಕೊಂಡೇ ಬರುತ್ತದೆ. ರೋಗಿಯ ರಕ್ತದಿಂದ ರೋಗಾಣು ಬೆಳೆಸುವ ತಟ್ಟೆಯನ್ನು ನಾವು ಪ್ಲೇಟು ಎನ್ನುತ್ತೇವೆ. ಆ ಪ್ಲೇಟಿನ ಮೇಲೆ ಇದು ನಲ್ಲಿ ನೀರಿನಲ್ಲೂ ಸಿಗುವ ಒಂದು ಮಾಮೂಲಿ ಬ್ಯಾಕ್ಟೀರಿಯಾದ ಹಾಗೆಯೇ ಕಾಣುತ್ತದೆ. ಹೊರಗಿನಿಂದ ಬಿದ್ದ ಹೊಲಸು ಎಂದುಕೊಂಡು ತಂತ್ರಜ್ಞರು ‘ಕಲ್ಮಶ’ ಎಂದು ಬರೆದು ಪ್ಲೇಟು ಎಸೆಯುತ್ತಾರೆ. ಯೋಜನೆ ಬರುವ ಮುಂಚೆ ನಾನು ಎಷ್ಟು ಸಲ ಹಾಗೆ ಬರೆದಿದ್ದೇನೋ, ಶಿವನೇ ಬಲ್ಲ.

ಮೊದಲ ಕೆಲಸ ಮಣ್ಣು ತರುವುದು. ಜೀಪಿನಲ್ಲಿ ದೇಶನೂರಿಗೆ ಹೋದೆವು. ಮೊಳದಾಳದ ಗುಂಡಿ ತೋಡಿ, ಮಣ್ಣನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಲಕ್ಕೆ ನಂಬರು ಹಾಕಬೇಕು. ಬಳ್ಳಾರಿ ಸೀಮೆಯಲ್ಲಿ ಜೀಪಿನಿಂದಿಳಿದು ಮಣ್ಣಿಗೆ ನಂಬರು ಹಾಕುವವರನ್ನು ಜನ ಏನೆಂದುಕೊಳ್ಳುತ್ತಾರೆ ಎಂಬ ಬುದ್ಧಿ ನಮಗಿರಬೇಕಿತ್ತು. ಮೊದಲ ಗುಂಡಿ ತೋಡುವಷ್ಟರಲ್ಲಿ ದೊಡ್ಡಬಸಪ್ಪ ಎಂಬ ಹಿರಿಯ ರೈತ ಸಲಿಕೆ ಹಿಡಿದು ಬಂದು ನಮ್ಮೆದುರು ನಿಂತ.

"ಇಲ್ಲಿ ಅದಿರು ಗಿದಿರು ಏನೂ ಇಲ್ರಿ. ಬರೇ ನೆಲ್ಲು ಐತಿ. ಬಂದ ದಾರಿ ಹಿಡೀರಿ," ಎಂದ.

ನಮ್ಮ ಮುಖ್ಯಸ್ಥರು ವಿರೂಪಾಕ್ಷಪ್ಪ ಸರ್ ಮುಂದೆ ಬಂದು ನಾವು ಗಣಿಯವರಲ್ಲ, ಮಣ್ಣಿನೊಳಗಿನ ರೋಗ ಹುಡುಕಲು ಬಂದವರು ಎಂದರು. ಸಮಾಧಾನ ಮಾಡಲು ಹೋಗಿ ಬೆಂಕಿಗೆ ತುಪ್ಪ ಸುರಿದಂತಾಯಿತು. ನಮ್ಮ ಮಣ್ಣಿಗೆ ರೋಗ ಐತಿ ಅಂತ ಪೇಪರಿನಲ್ಲಿ ಹಾಕಿದರೆ ನಮ್ಮ ಅಕ್ಕಿ ಯಾರು ಕೊಳ್ಳುತ್ತಾರೆ ಎಂದು ದೊಡ್ಡಬಸಪ್ಪ ಕೇಳಿದ. ನ್ಯಾಯವಾದ ಪ್ರಶ್ನೆ. ಖಾಲಿ ಚೀಲಗಳ ಜೊತೆ ವಾಪಸಾದೆವು. ಮುಂದಿನ ಸಲ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಸಸಿ ಹಚ್ಚುತ್ತಿದ್ದ ಹೆಂಗಸರ ಜೊತೆ ಬದುವಿನ ಮೇಲೆ ಕುಳಿತು ಅವರ ಬುತ್ತಿಯಲ್ಲಿ ರೊಟ್ಟಿ ಪುಂಡಿಪಲ್ಯ ತಿಂದೆ. ಅವರೇ ದೊಡ್ಡಬಸಪ್ಪನಿಗೆ ಹೇಳಿ ಮಣ್ಣು ಕೊಡಿಸಿದರು. ಮೊಣಕಾಲವರೆಗೆ ಕೆಸರಿನಲ್ಲಿ ನಿಂತ ಆ ಹೆಂಗಸರನ್ನು ಕಣ್ಣಾರೆ ಕಂಡೂ ನಾನು ಮುಂದೆ ಮಾಡಿದ ಕೆಲಸಕ್ಕೆ ಕ್ಷಮೆ ಇಲ್ಲ. ಅದಕ್ಕೆ ಈಗ ಬರುತ್ತೇನೆ.

ವಿರೂಪಾಕ್ಷಪ್ಪ ಸರ್ ಕೆಟ್ಟವರಲ್ಲ, ಹಳೇ ಕಾಲದವರು. ಪ್ಲೇಟಿನ ಮುಚ್ಚಳ ಎತ್ತಿ ಮೂಸಿ ನೋಡಿಯೇ ಇದು ಇಂಥದ್ದು ಎಂದು ಹೇಳುತ್ತಿದ್ದರು. ಅವರ ಗುರುಗಳು ಅವರಿಗೆ ಹಾಗೇ ಕಲಿಸಿದ್ದರು, ಅವರು ನನಗೆ ಹಾಗೇ ಕಲಿಸಿದ್ದರು. ಯೋಜನೆ ಬಂದಾಗ, ಪ್ಲೇಟು ತೆರೆಯುವುದೇನಿದ್ದರೂ ರೋಗಾಣು ಹೊರಬಾರದಂತೆ ಮಾಡಿದ ಗಾಜಿನ ಪೆಟ್ಟಿಗೆಯೊಳಗೆ ಮಾತ್ರ ಎಂದು ಯೋಜನೆ ಕೊಟ್ಟವರು ಕಟ್ಟುನಿಟ್ಟಾಗಿ ಹೇಳಿದ್ದರು. ಮೂಗಿನ ಚಟ ಅಷ್ಟು ಬೇಗ ಹೋಗುತ್ತದೆಯೇ. ಒಂದು ದಿನ ಒಂದು ಪ್ಲೇಟನ್ನು ತೆರೆದ ಮೇಜಿನ ಮೇಲೆ ಸರ್ ಮೂಸಿದರು, ನಾನೂ ಮೂಸಿದೆ. ಮಳೆ ಬಿದ್ದ ಮಣ್ಣಿನ ವಾಸನೆ. ನಾಲ್ಕು ದಿನದ ಮೇಲೆ ಗೊತ್ತಾಯಿತು, ಅದು ನಾವು ಹುಡುಕುತ್ತಿದ್ದ ಜೀವಿಯೇ.

ಇಬ್ಬರೂ ಇಪ್ಪತ್ತೊಂದು ದಿನ ಮಾತ್ರೆ ನುಂಗಬೇಕಾಯಿತು. ವ್ಯಾನಿಟಿ ಬ್ಯಾಗಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಓಡಾಡಿದೆ. ಬಸ್ಸಿನಲ್ಲಿ ಮೈ ಬಿಸಿಯಾದರೂ ಜ್ವರವೇ ಎಂದು ಅದನ್ನು ಹೊರಗೆ ತೆಗೆಯುತ್ತಿದ್ದೆ. ಮನೆಯವರಿಗೆ ಹೊಟ್ಟೆ ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ನಮಗಿಬ್ಬರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಸರ್ ಪ್ರಯೋಗಾಲಯದ ಹೊಸ್ತಿಲು ದಾಟುವುದನ್ನೇ ಬಿಟ್ಟರು. ತಮ್ಮ ಕೋಣೆಯಲ್ಲಿ ಕುಳಿತು ನಿಯಮಗಳನ್ನು ಮಾಡತೊಡಗಿದರು.

ಆ ನಿಯಮಗಳಲ್ಲಿ ಒಂದು ಹೀಗಿತ್ತು. ನಮ್ಮಲ್ಲಿದ್ದದ್ದು ಒಂದೇ ಗಾಜಿನ ಪೆಟ್ಟಿಗೆ. ಅನುಮಾನ ಬಂದ ಪ್ಲೇಟನ್ನೆಲ್ಲ ಅದರೊಳಗೆ ಪೂರ್ತಿ ಪರೀಕ್ಷೆ ಮಾಡಲಾಗದು. ಆದ್ದರಿಂದ ರೋಗಿಯ ಫಾರಂ ನೋಡಬೇಕು. ಕೆಸರು ಮುಟ್ಟುವ ಉದ್ಯೋಗದವರಾದರೆ ಪರೀಕ್ಷೆ ಮುಂದುವರಿಸಬೇಕು. ಇಲ್ಲದಿದ್ದರೆ ಕಲ್ಮಶ ಎಂದು ಬರೆದು, ಬೇಯಿಸಿ ಎಸೆಯುವ ಹಳದಿ ಚೀಲಕ್ಕೆ ಹಾಕಬೇಕು. ಸರ್ ಹೇಳಿದರು, ನಾನು ಟೈಪು ಮಾಡಿದೆ. ಒಳ್ಳೆಯ ಉಪಾಯ ಎಂದುಕೊಂಡೇ ಮಾಡಿದೆ.

ಫಾರಂ ಇಂಗ್ಲಿಷಿನಲ್ಲಿ ಬಂದಿತ್ತು. ಕನ್ನಡಕ್ಕೆ ಮಾಡಿದವಳು ನಾನು. ಉದ್ಯೋಗದ ಕಾಲಂನಲ್ಲಿ ಐದು ಚೌಕಗಳು: ರೈತ, ಕೂಲಿ, ನೌಕರ, ವ್ಯಾಪಾರಿ, ಗೃಹಿಣಿ. ಮೀಟಿಂಗಿನಲ್ಲಿ ಓದಿದಾಗ ಭಾಷೆ ಚೆನ್ನಾಗಿದೆ ಎಂದು ಹೊಗಳಿದರು. ರೈತ ಎನ್ನುವ ಮಾತಿಗೆ ಹೆಣ್ಣು ರೂಪ ನಮ್ಮ ಊರಿನ ಯಾರ ಬಾಯಲ್ಲೂ ಇಲ್ಲ ಎಂಬುದು ಆ ಮೀಟಿಂಗಿನಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ನಾನು ಹೆಂಗಸಾಗಿದ್ದೂ.

ಫಾರಂ ತುಂಬುವುದೂ ನನ್ನ ಪಾಲಿಗೇ ಬಂತು. ಕುರುಗೋಡಿನಿಂದ ಒಬ್ಬ ಯಜಮಾನ ಜ್ವರವೆಂದು ದಾಖಲಾಗಿದ್ದ. ಉದ್ಯೋಗವೇನು ಎಂದರೆ, "ಒಕ್ಕಲುತನ," ಎಂದು ಮೀಸೆ ತೀಡಿದ. ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಎಷ್ಟೋ ವರ್ಷವಾಗಿದೆ, ಈಗ ಗುಡ್ಡದ ಕೆಳಗಿನ ಹೋಟೆಲಿನಲ್ಲಿ ಪೇಪರು ಓದುವುದೇ ಇವರ ಒಕ್ಕಲುತನ ಎಂದು ಅವನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು. ಅವನ ಪಾದಗಳು ಮದುಮಗನ ಪಾದದಂತೆ ನುಣ್ಣಗಿದ್ದವು. ಆದರೂ ರೈತ ಎಂದು ಗುರುತು ಹಾಕಿದೆ. ಅವನ ಪ್ಲೇಟನ್ನು ಮೂರು ಸಲ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿದೆವು. ಏನೂ ಇರಲಿಲ್ಲ. ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೆ.

ಅದೇ ತಿಂಗಳು ಸಿರುಗುಪ್ಪದ ಆಸ್ಪತ್ರೆಯಿಂದ ಹುಲಿಗೆಮ್ಮನನ್ನು ನಮ್ಮಲ್ಲಿಗೆ ಕಳಿಸಿದರು. ದೇಶನೂರಿನವಳು, ನಲವತ್ತರೊಳಗಿನ ವಯಸ್ಸು, ಶುಗರ್ ಇತ್ತು. ಐದು ತಿಂಗಳಿಂದ ಜ್ವರ. ಕಫದಲ್ಲಿ ಏನೂ ಸಿಕ್ಕಿರಲಿಲ್ಲ, ಆದರೂ ಎದೆಯ ಫೋಟೋ ನೋಡಿ ಟಿಬಿ ಎಂದು ಮಾತ್ರೆ ಕೊಟ್ಟಿದ್ದರು. ಒಂದನ್ನೂ ತಪ್ಪಿಸದೆ ನುಂಗಿದ್ದಳು. ಮೈಯಲ್ಲಿ ಎಲುಬು ಮಾತ್ರ ಉಳಿದಿತ್ತು. ನಾನು ಹೋದಾಗ ಅವಳಿಗೆ ಜ್ವರ ಏರಿ ಮಂಪರಿತ್ತು. ಪಕ್ಕದಲ್ಲಿ ನಿಂತಿದ್ದ ಗಂಡ ಈರಣ್ಣನೇ ಉತ್ತರ ಹೇಳಿದ. ಈಕೆ ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದೆ.

"ಕೆಲಸ ಏನಿಲ್ರಿ ಮೇಡಂ. ಮನ್ಯಾಗ ಇರ್ತಾಳ್ರಿ," ಎಂದ.

ಹೊಲ ಯಾರ ಹೆಸರಿನಲ್ಲಿದೆ ಎಂದೆ. ತನ್ನ ಹೆಸರಿನಲ್ಲಿ ಎಂದ. ಕೂಲಿಗೆ ಹೋಗುತ್ತಾಳೆಯೇ ಎಂದು ಕೇಳಿದ್ದಕ್ಕೆ ಅವನಿಗೆ ಸ್ವಲ್ಪ ಸಿಟ್ಟೇ ಬಂತು. ನಮ್ಮ ಮನೆಯ ಹೆಂಗಸರು ಕೂಲಿಗೆ ಹೋಗುವುದಿಲ್ಲ ಎಂದ. ನಾನು ಗೃಹಿಣಿ ಎಂಬ ಚೌಕದಲ್ಲಿ ಗುರುತು ಹಾಕಿ ಮುಂದಿನ ಮಂಚಕ್ಕೆ ಹೋದೆ.

ಎರಡು ದಿನದ ಮೇಲೆ ಅವಳ ಪ್ಲೇಟಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಎದ್ದಿದ್ದವು. ಮೂರನೇ ದಿನ ಅವು ಒಣಗಿ ಸುಕ್ಕಾದವು. ನಾವು ಹುಡುಕುತ್ತಿದ್ದ ಜೀವಿಯೂ ಹೀಗೇ ಸುಕ್ಕಾಗುತ್ತದೆ, ನೋಡಿದ ಕೂಡಲೇ ಅನುಮಾನ ಬಂತು. ಫಾರಂ ತೆಗೆದು ನೋಡಿದೆ. ಗೃಹಿಣಿ. ಕಲ್ಮಶ ಎಂದು ಬರೆದು ಹಳದಿ ಚೀಲಕ್ಕೆ ಹಾಕಿದೆ. ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ನಿಯಮದ ಪ್ರಕಾರವೇ ಮಾಡಿದ್ದೆ. ಹೊಸಬರು ಇದನ್ನು ಎರಡು ಸಲ ಓದಬೇಕು.

ಮರುದಿನ ಒಪ್ಪಿಗೆ ಪತ್ರಕ್ಕೆ ಹುಲಿಗೆಮ್ಮನ ಹೆಬ್ಬೆಟ್ಟು ಬಾಕಿ ಇದೆ ಎಂದು ವಾರ್ಡಿಗೆ ಹೋದೆ. ಜ್ವರ ಇಳಿದು ಎಚ್ಚರವಾಗಿದ್ದಳು. ನನ್ನನ್ನು ನೋಡಿ ಎದ್ದು ಕೂರಲು ಹವಣಿಸಿದಳು. ರಿಪೋರ್ಟು ಬಂತೇನು ಎಂದು ಕೇಳಿದಳು. ಇನ್ನೂ ಇಲ್ಲ ಎಂದು ಸುಳ್ಳು ಹೇಳಿದೆ.

"ನಿಮ್ಮ ರಿಪೋರ್ಟಿನಾಗ ಟಿಬಿ ಅಲ್ಲ ಅಂತ ಬಂದ್ರ ಮಗಳನ್ನ ಕರಸ್ಕೋಬೋದಲ್ರಿ ಮೇಡಂ?" ಎಂದಳು. "ನನ್ನ ತವರೂರು ಮೋಕದಾಗ ನಮ್ಮವ್ವನ ಕೂಡ ಬಿಟ್ಟೀವ್ರಿ. ಐದು ತಿಂಗಳಾತು. ಬಂದಾಗ ಬಾಗಿಲ ಆಚೀಗೆ ನಿಂದ್ರಿಸ್ತಾರ."

ಮಗಳಿಗೆ ಆರು ವರ್ಷವಂತೆ, ಹೆಸರು ಶಾಂತ. ಅಮ್ಮನ ಮಗ್ಗುಲಲ್ಲಲ್ಲದೆ ನಿದ್ದೆ ಮಾಡದ ಕೂಸು. ಅಂಟುರೋಗ ಎಂಬ ಭಯಕ್ಕೆ ಮನೆಯವರೆಲ್ಲ ಸೇರಿ ಅದನ್ನು ದೂರ ಇಟ್ಟಿದ್ದರು. ಹುಲಿಗೆಮ್ಮನಿಗೆ ತನ್ನ ಜೀವಕ್ಕಿಂತ ಅದೊಂದೇ ಚಿಂತೆ. ಔಷಧಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಹೆಬ್ಬೆಟ್ಟು ಒತ್ತಿಸಿಕೊಂಡು ಏಳುವಾಗ ಹೊದಿಕೆ ಸರಿದು ಅವಳ ಪಾದಗಳು ಕಂಡವು. ಬೆರಳ ಸಂದಿಗಳಲ್ಲಿ ಸೀಳಿ ಮಾಗಿದ ಬಿಳಿ ಗೆರೆಗಳಿದ್ದವು. ಉಗುರುಗಳಲ್ಲಿ ಎಷ್ಟು ತೊಳೆದರೂ ಹೋಗದ ಕರಿ. ಕಾಲಿಗೆ ಏನಾಯಿತವ್ವಾ ಎಂದೆ.

"ಕೆಸರ್ರಿ. ಸಸಿ ಹಚ್ಚೋ ದಿನದಾಗ ಎಲ್ಲಾರಿಗೂ ಹಿಂಗ ಆಕತಿ," ಎಂದಳು, ಇದೇನು ಕೇಳುವ ಮಾತು ಎನ್ನುವ ಹಾಗೆ.

ನೀನು ಕೆಲಸಕ್ಕೆ ಹೋಗುವುದಿಲ್ಲ ಎಂದು ಬರೆಸಿದ್ದಾರಲ್ಲ ಎಂದೆ.

"ಕೆಲಸಕ್ಕ ಎಲ್ಲಿ ಹೊಕ್ಕೀನ್ರಿ. ಮುಯ್ಯಿಗೆ ಹೊಕ್ಕೀನಿ," ಎಂದಳು.

ಮುಯ್ಯಿ ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಇವತ್ತು ಅವರ ಗದ್ದೆಗೆ ಇವಳು, ನಾಳೆ ಇವಳ ಗದ್ದೆಗೆ ಅವರು. ಸಂಬಳವಿಲ್ಲ, ಆದ್ದರಿಂದ ಕೂಲಿಯಲ್ಲ. ಹೊಲ ಗಂಡನ ಹೆಸರಿನಲ್ಲಿದೆ, ಆದ್ದರಿಂದ ರೈತನಲ್ಲ. ಗಂಡ ಸುಳ್ಳು ಹೇಳಿರಲಿಲ್ಲ, ಅವಳೂ ಹೇಳಲಿಲ್ಲ. ಇಡೀ ಊರಿನ ಗದ್ದೆಗಳಿಗೆ ಬಗ್ಗಿ ಸಸಿ ಹಚ್ಚಿದ ಹೆಂಗಸಿಗೆ ನನ್ನ ಫಾರಂನಲ್ಲಿ ನಿಲ್ಲಲು ಜಾಗವಿದ್ದದ್ದು ಆ ಐದನೇ ಚೌಕದಲ್ಲಿ ಮಾತ್ರ. ಆ ಚೌಕ ಮಾಡಿದವಳು ನಾನು.

ಮೆಟ್ಟಿಲು ಹತ್ತಿ ಓಡಿ ಹೋದರೆ ಹಳದಿ ಚೀಲ ಆಗಲೇ ಬೆಂದು ಹೋಗಿತ್ತು. ಮತ್ತೆ ರಕ್ತ ತೆಗೆಸಿ ಮೊದಲಿನಿಂದ ಶುರು ಮಾಡಿದೆ. ವಾರ್ಡಿನ ವೈದ್ಯರಿಗೆ ನನ್ನ ಅನುಮಾನ ಹೇಳಿ, ಇಂಜೆಕ್ಷನ್ ಇವತ್ತೇ ಶುರು ಮಾಡಿ ಎಂದು ಬೇಡಿಕೊಂಡೆ. ಯುವಕ, ಒಳ್ಳೆಯವನು, ಬರಹದಲ್ಲಿ ಕೊಡಿ ಎಂದ. ವಿರೂಪಾಕ್ಷಪ್ಪ ಸರ್ ಬಳಿ ಹೋದೆ. ಅವರು ಫಾರಂ ತಿರುವಿ ನೋಡಿ, ಗೃಹಿಣಿ ಅಂತ ನೀವೇ ಬರೆದಿದ್ದೀರಿ, ಕಾಲು ನೋಡಿ ರೋಗ ಹೇಳಲಾಗುತ್ತದೆಯೇ, ರಿಪೋರ್ಟು ಬರಲಿ ಎಂದರು. ಮೂಸಿ ನೋಡಿ ರೋಗ ಹೇಳುತ್ತಿದ್ದವರು ನೀವೇ ಅಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆಡಲಿಲ್ಲ. ಆಡಿದ್ದರೆ ಅವರು ಸಿಟ್ಟಿನಲ್ಲಾದರೂ ಸಹಿ ಹಾಕುತ್ತಿದ್ದರೇನೋ. ನಾನೇ ಒಂದು ಚೀಟಿ ಬರೆದು ನನ್ನ ಸಹಿ ಹಾಕಿ ವೈದ್ಯನಿಗೆ ಕೊಡಬಹುದಿತ್ತು. ಅದನ್ನೂ ಮಾಡಲಿಲ್ಲ. ನಿವೃತ್ತಿಗೆ ಹೆಚ್ಚು ದಿನ ಇರಲಿಲ್ಲ, ಮೇಲಿನವರ ಕೆಂಗಣ್ಣಿಗೆ ಬೀಳುವುದು ಬೇಡವೆಂದು ಬಾಯಿ ಮುಚ್ಚಿಕೊಂಡೆ. ನನ್ನ ಅಂಜಿಕೆ ಯಾವುದಕ್ಕೆ ಎಂದು ಆ ಹುಡುಗಿ ಕೇಳಿದ್ದಕ್ಕೆ ಇದೇ ಉತ್ತರ. ನಾಚಿಕೆಯಾಗುತ್ತದೆ.

ಹುಲಿಗೆಮ್ಮ ಮೂರನೇ ದಿನ ಬೆಳಿಗ್ಗೆ ಹೋದಳು. ರಿಪೋರ್ಟು ನಾಲ್ಕನೇ ದಿನ ಬಂತು. ಮೆಲಿಯಾಯ್ಡೋಸಿಸ್. ಮೊದಲ ಪ್ಲೇಟನ್ನು ಎಸೆಯದಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳಲಾರೆ. ಅಷ್ಟು ಹೊತ್ತಿಗೆ ಹೊಟ್ಟೆಯೊಳಗಿನ ಗುಲ್ಮದ ತುಂಬ ಕೀವು ಕಟ್ಟಿತ್ತು. ಬದುಕುತ್ತಿರಲಿಲ್ಲ ಎಂದೂ ಹೇಳಲಾರೆ.

ರಿಪೋರ್ಟು ಹಿಡಿದು ಸರ್ ಎದುರು ನಿಂತೆ. ಈ ಕೇಸನ್ನು ಯೋಜನೆಯಲ್ಲಿ ಸೇರಿಸಬೇಕು, ಉದ್ಯೋಗ ತಿದ್ದಬೇಕು ಎಂದೆ. ಸತ್ತ ಮೇಲೆ ಫಾರಂ ತಿದ್ದಿದರೆ ಅದಕ್ಕೆ ಏನೆನ್ನುತ್ತಾರೆ ಗೊತ್ತೇ ಎಂದು ಕೇಳಿದರು. ನಿಯಮದ ಪ್ರಕಾರ ಅವರ ಮಾತು ಸರಿಯೇ, ಫಾರಂನಲ್ಲಿ ಗೃಹಿಣಿ ಎಂದಿರುವವರೆಗೆ ಆ ಕೇಸು ಯೋಜನೆಯ ಲೆಕ್ಕಕ್ಕೆ ಬರುವುದಿಲ್ಲ. ಮುಂದೆ ಅಚ್ಚಾದ ಲೇಖನದಲ್ಲಿ ನಮ್ಮ ಭಾಗದ ಹೆಂಗಸರಲ್ಲಿ ಈ ರೋಗ ಕಂಡುಬಂದಿಲ್ಲ ಎಂದು ಒಂದು ವಾಕ್ಯವಿದೆ. ಲೇಖಕರ ಹೆಸರುಗಳಲ್ಲಿ ನನ್ನ ಹೆಸರೂ ಇದೆ. ಹುಡುಗಿಯರೇ, ನೀವು ಅದನ್ನು ಓದಿರುತ್ತೀರಿ. ಆ ವಾಕ್ಯ ಸುಳ್ಳು.

ನಿವೃತ್ತಿಗೆ ಮುಂಚೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಆ ಕಾಲಂ ಕಿತ್ತು ಹಾಕಿಸಿದ್ದು. ಈಗ ಅಲ್ಲಿ, ಈ ವರ್ಷ ಕೆಸರಿನಲ್ಲಿ ಕಾಲಿಟ್ಟಿದ್ದೀರಾ, ಯಾರ ಗದ್ದೆಯಾದರೂ ಸರಿ, ಎಂಬ ಪ್ರಶ್ನೆ ಇದೆ. ಅದನ್ನೂ ಗಂಡನಿಗೆ ಕೇಳಬೇಡಿ, ಮಂಚದ ಮೇಲಿದ್ದವರಿಗೇ ಕೇಳಿ. ಅವರು ಉತ್ತರಿಸುವ ಸ್ಥಿತಿಯಲ್ಲಿಲ್ಲದಿದ್ದರೆ ಹೊದಿಕೆ ಸರಿಸಿ ಪಾದ ನೋಡಿ.

ರಿಪೋರ್ಟು ಬಂದ ವಾರದಲ್ಲೇ ದೇಶನೂರಿಗೆ ಹೋದೆ. ಹೋಗಬೇಡಿ, ಇಲ್ಲದ ಉಸಾಬರಿ ಎಂದು ವಿಭಾಗದವರೆಲ್ಲ ಹೇಳಿದರು. ಅವಳ ಜೊತೆ ಮುಯ್ಯಿಗೆ ಹೋಗುತ್ತಿದ್ದ ಹೆಂಗಸರಲ್ಲಿ ಶುಗರ್ ಇದ್ದವರಿಗೆ ಹೇಳಬೇಕಿತ್ತು. ಅದು ಹೊರಗೆ ಹೇಳುವ ಕಾರಣ. ಒಳಗಿನ ಕಾರಣ, ತಪ್ಪೊಪ್ಪಿಕೊಳ್ಳದೆ ನನಗೆ ಊಟ ಸೇರುತ್ತಿರಲಿಲ್ಲ.

ಈರಣ್ಣ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದ. ಅವನ ತಾಯಿ ನೀರು ತಂದುಕೊಟ್ಟಳು. ಕಟ್ಟೆಯ ಮೂಲೆಯಲ್ಲಿ ಒಂದು ಗಂಗಾಳ, ಒಂದು ಲೋಟ ಬೋರಲು ಹಾಕಿದ್ದರು. ಹುಲಿಗೆಮ್ಮ ಐದು ತಿಂಗಳು ಉಂಡದ್ದು ಅವುಗಳಲ್ಲೇ. ಒಳಗೆ ತರಲು ಅಂಜಿ ಹಾಗೇ ಬಿಟ್ಟಿದ್ದಾರೆ ಎಂದು ಮುದುಕಿ ಹೇಳಿದಳು. ಮಗಳು ಇನ್ನೂ ಮೋಕದಲ್ಲೇ ಇದ್ದಳು. ಮಣ್ಣಿಗೆ ಕರೆತಂದಾಗಲೂ ಅಮ್ಮನ ಮುಖವನ್ನು ಅವಳಿಗೆ ದೂರದಿಂದಲೇ ತೋರಿಸಿದರಂತೆ.

ನಾನು ಎಲ್ಲವನ್ನೂ ಹೇಳಿದೆ. ಅದು ಟಿಬಿ ಅಲ್ಲ, ಗದ್ದೆಯ ಕೆಸರಿನಿಂದ ಬರುವ ರೋಗ ಎಂದೆ. ನಾನು ಗೃಹಿಣಿ ಎಂದು ಬರೆದದ್ದರಿಂದ ಅವಳ ಪ್ಲೇಟು ಎಸೆದೆವು, ತಪ್ಪು ನನ್ನದು ಎಂದೆ. ಬಯ್ಯುತ್ತಾನೆ ಎಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಂತ ಬರಸಿದಾಂವ ನಾನೇ ರೀ," ಎಂದ ಈರಣ್ಣ.

ಆಮೇಲೆ ಅವನು, ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆಯೇ ಎಂದು ಕೇಳಿದ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಮಣ್ಣು ನೀರಿನಿಂದ ಬರುತ್ತದೆ ಎಂದೆ. ಮನೆಯವರು ಹೆದರದಿರಲಿ ಎಂದೇ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ.

"ಹಂಗಾರ ಶಾಂತ ಆಕಿ ಮಗ್ಗಲದಾಗ ಮಲಗಬೋದಿತ್ತೇನ್ರಿ?"

ಮಲಗಬಹುದಿತ್ತು ಎಂದೆ.

ಈರಣ್ಣ ಎದ್ದ. ಮೂಲೆಯಲ್ಲಿದ್ದ ಗಂಗಾಳವನ್ನೂ ಲೋಟವನ್ನೂ ತೆಗೆದುಕೊಂಡು, ಉಟ್ಟ ಪಂಜಿಯ ಚುಂಗಿನಿಂದ ಒರೆಸಿ, ಒಳಗೆ ಹೋಗಿ ಉಳಿದ ಗಂಗಾಳಗಳ ಜೊತೆ ಇಟ್ಟು ಬಂದ.